ನಾಸ್ತಿಕನೆಂದರೆ ಯಾರು?

ಇಂದಿನ ಸಮಾಜದಲ್ಲಿ ನಾಸ್ತಿಕತೆ ಬೆಳೆಯುತ್ತಿದೆಯೇ, ಕ್ಷೀಣಿಸುತ್ತಿದೆಯೇ ಎಂಬ ಪ್ರಶ್ನೆ ಧರ್ಮಸಭೆಗಳಲ್ಲಿಯೂ ಮನೆಯ ಜಗಲಿಗಳಲ್ಲಿಯೂ ಮತ್ತೆ ಮತ್ತೆ ಏಳುತ್ತದೆ. ಓದಲೆಂದು ನಗರಕ್ಕೆ ಹೋದ ಮಗ ಬಸದಿಗೆ ಬರುವುದನ್ನೇ ಬಿಟ್ಟನೆಂದು ಕೊರಗುವ ತಾಯಿಗೆ ಅದು ಬೆಳೆಯುತ್ತಿರುವಂತೆ ಕಾಣುತ್ತದೆ. ತೀರ್ಥಕ್ಷೇತ್ರಗಳಲ್ಲಿ ಉದ್ದವಾಗುತ್ತಲೇ ಇರುವ ಸಾಲುಗಳನ್ನು ಕಂಡವರಿಗೆ ಕುಗ್ಗುತ್ತಿರುವಂತೆ ತೋರುತ್ತದೆ. ಇಬ್ಬರೂ ಕಂಡದ್ದನ್ನೇ ಹೇಳುತ್ತಿದ್ದಾರೆ. ಒಂದೇ ವಸ್ತುವನ್ನು ಇಬ್ಬರು ಎರಡು ನಯಗಳಿಂದ ಕಂಡಾಗ, ತೀರ್ಪು ಕೊಡುವ ಮೊದಲು ಅವರು ಯಾವುದನ್ನು ಅಳೆಯುತ್ತಿದ್ದಾರೆಂದು ವಿಚಾರಿಸುವುದು ಅನೇಕಾಂತದ ಕ್ರಮ.

ಮೊದಲು ಲೆಕ್ಕವನ್ನು ನೋಡೋಣ. ಇಂಗ್ಲೆಂಡ್ ಮತ್ತು ವೇಲ್ಸ್‌ನ 2011ರ ಜನಗಣತಿಯಲ್ಲಿ ತಮಗೆ ಯಾವ ಮತವೂ ಇಲ್ಲವೆಂದು ಬರೆಸಿದವರು ನೂರಕ್ಕೆ 25 ಮಂದಿ. 2021ರಲ್ಲಿ ಆ ಸಂಖ್ಯೆ 37ಕ್ಕೆ ಏರಿತು. ಅಲ್ಲಿ ಕ್ರೈಸ್ತರೆಂದು ಬರೆಸಿದವರು ಮೊದಲ ಬಾರಿಗೆ ಅರ್ಧಕ್ಕಿಂತ ಕಡಿಮೆಯಾದರು. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರದ ಗಣನೆಯಂತೆ, 2020ರ ವೇಳೆಗೆ ಜಗತ್ತಿನ ನೂರು ಜನರಲ್ಲಿ ಸುಮಾರು 24 ಮಂದಿ ಯಾವ ಮತಕ್ಕೂ ಸೇರದವರು. ಆದರೆ ಅದೇ ಸಂಸ್ಥೆ 2015ರಲ್ಲಿ, ಇಂಥವರ ಮನೆಗಳಲ್ಲಿ ಮಕ್ಕಳು ಕಡಿಮೆಯಾದ್ದರಿಂದ ಮುಂದಿನ ದಶಕಗಳಲ್ಲಿ ಅವರ ಪಾಲು ಇಳಿಯಬಹುದೆಂದು ಅಂದಾಜಿಸಿತ್ತು. ನಮ್ಮ ದೇಶದಲ್ಲಿ ಆ ಸಂಸ್ಥೆ 2019-20ರಲ್ಲಿ ಸುಮಾರು 30,000 ವಯಸ್ಕರನ್ನು ಮಾತನಾಡಿಸಿದಾಗ, ದೇವರನ್ನು ನಂಬುತ್ತೇವೆಂದವರು ನೂರಕ್ಕೆ 97. ಆದರೂ ಜನಗಣತಿಯಲ್ಲಿ ಧರ್ಮವನ್ನು ನಮೂದಿಸದವರ ಸಂಖ್ಯೆ 2001ರಲ್ಲಿ ಸುಮಾರು 7 ಲಕ್ಷವಿದ್ದದ್ದು 2011ಕ್ಕೆ 28 ಲಕ್ಷ ದಾಟಿತು. ನಮೂದಿಸದವರೆಲ್ಲ ನಾಸ್ತಿಕರೆಂದು ಹೇಳಲಾಗದು. ಬರೆಸಲು ಇಚ್ಛಿಸದವರೂ ಅದರಲ್ಲಿದ್ದಾರು.

ಲೆಕ್ಕದ ಮಿತಿಯನ್ನು ರಷ್ಯಾ ಇನ್ನೂ ಸ್ಪಷ್ಟವಾಗಿ ತೋರಿಸುತ್ತದೆ. ಸೋವಿಯತ್ ಆಡಳಿತ ಕುಸಿದ 1991ರಲ್ಲಿ ಅಲ್ಲಿಯ ವಯಸ್ಕರಲ್ಲಿ ನೂರಕ್ಕೆ 31 ಮಂದಿ ತಮ್ಮನ್ನು ಸಾಂಪ್ರದಾಯಿಕ ಕ್ರೈಸ್ತರೆಂದು ಕರೆದುಕೊಂಡರು. 2008ರಲ್ಲಿ ಹಾಗೆ ಹೇಳಿದವರು 72. ನಾಸ್ತಿಕತೆ ಸೋತಿತೆಂದು ಇದರಿಂದ ಹಿಗ್ಗಬಹುದು. ಆದರೆ ತಿಂಗಳಿಗೊಮ್ಮೆಯಾದರೂ ಚರ್ಚಿಗೆ ಹೋಗುವವರು 2ರಿಂದ 7ಕ್ಕೆ ಮಾತ್ರ ಏರಿದ್ದರು. ಹೆಸರು ಮರಳಿತು, ಆಚರಣೆ ಅಷ್ಟಾಗಿ ಮರಳಲಿಲ್ಲ. ಅಲ್ಬೇನಿಯ 1967ರಲ್ಲಿ ಎಲ್ಲ ದೇವಾಲಯಗಳನ್ನು ಮುಚ್ಚಿಸಿ ತಾನು ನಾಸ್ತಿಕ ರಾಷ್ಟ್ರವೆಂದು ಸಾರಿತು. 1990ರಲ್ಲಿ ಆ ನಿಷೇಧ ತೆರವಾದೊಡನೆ ಜನರು ಮತ್ತೆ ಪ್ರಾರ್ಥನೆಗೆ ಸೇರಿದರು. ಶ್ರದ್ಧೆಯನ್ನಾಗಲಿ ಸಂಶಯವನ್ನಾಗಲಿ ರಾಜಾಜ್ಞೆಯಿಂದ ಹುಟ್ಟಿಸಲೂ ಆಗದು, ಅಳಿಸಲೂ ಆಗದು.

ಹಾಗಾದರೆ ನಾಸ್ತಿಕನೆಂದರೆ ಯಾರು? ಈ ಶಬ್ದಕ್ಕೆ ನಮ್ಮ ದೇಶದಲ್ಲಿಯೇ ಒಂದು ಅರ್ಥವಿಲ್ಲ. ಪಾಣಿನಿಯ ವ್ಯಾಕರಣದಲ್ಲಿ ‘ಇದೆ’ ಎಂಬ ಮತಿಯುಳ್ಳವನು ಆಸ್ತಿಕ, ‘ಇಲ್ಲ’ ಎಂಬ ಮತಿಯುಳ್ಳವನು ನಾಸ್ತಿಕ. ಇದೆ ಅಥವಾ ಇಲ್ಲ ಎಂದದ್ದು ಪರಲೋಕವನ್ನು ಎಂದು ವ್ಯಾಖ್ಯಾನಕಾರರು ವಿವರಿಸಿದರು. ಮನುಸ್ಮೃತಿಯ ದೃಷ್ಟಿಯಲ್ಲಿ ವೇದವನ್ನು ನಿಂದಿಸುವವನು ನಾಸ್ತಿಕ. ಸೃಷ್ಟಿಕರ್ತನಾದ ಈಶ್ವರನನ್ನು ಒಪ್ಪದವನು ನಾಸ್ತಿಕನೆಂಬುದು ಇಂದು ಹೆಚ್ಚಾಗಿ ಬಳಕೆಯಲ್ಲಿರುವ ಅರ್ಥ. ಈ ಕೊನೆಯ ಅಳತೆಗೋಲನ್ನು ಹಿಡಿದರೆ ಜೈನರೆಲ್ಲರೂ ನಾಸ್ತಿಕರ ಪಟ್ಟಿಗೆ ಸೇರಬೇಕಾಗುತ್ತದೆ! ಆಚಾರ್ಯ ಹರಿಭದ್ರರು ತಮ್ಮ ‘ಷಡ್ದರ್ಶನ ಸಮುಚ್ಚಯ’ದಲ್ಲಿ ಬೌದ್ಧ ಮತ್ತು ಜೈನ ದರ್ಶನಗಳನ್ನು ನ್ಯಾಯ, ಸಾಂಖ್ಯ ಮೊದಲಾದವುಗಳೊಡನೆ ಆಸ್ತಿಕ ಪಂಕ್ತಿಯಲ್ಲಿಯೇ ಕೂರಿಸಿ, ಜೀವವನ್ನೂ ಪುಣ್ಯಪಾಪಗಳ ಫಲವನ್ನೂ ಅಲ್ಲಗಳೆಯುವ ಲೋಕಾಯತವನ್ನು ಬೇರೆಯಾಗಿಟ್ಟರು.

ಜೈನಧರ್ಮದಲ್ಲಿ ಲೋಕವು ಅನಾದಿ, ಅಕೃತ್ರಿಮ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಗುರುಗಳಾದ ಜಿನಸೇನಾಚಾರ್ಯರು ‘ಆದಿಪುರಾಣ’ದಲ್ಲಿ ಸೃಷ್ಟಿವಾದವನ್ನು ನೇರವಾಗಿ ಪ್ರಶ್ನಿಸಿದ್ದಾರೆ. ಲೋಕವಿಲ್ಲದಾಗ ಸೃಷ್ಟಿಕರ್ತನು ಎಲ್ಲಿದ್ದನು? ಯಾವ ಸಾಮಗ್ರಿಯಿಂದ ಲೋಕವನ್ನು ರಚಿಸಿದನು? ಕೃತಕೃತ್ಯನಾದವನಿಗೆ ಸೃಷ್ಟಿಸುವ ಇಚ್ಛೆಯೇಕೆ ಹುಟ್ಟಿತು? ನಾನು ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗ, ‘ದೇವರನ್ನು ಮಾಡಿದವರು ಯಾರು ಸಾರ್?’ ಎಂದು ಒಬ್ಬನಲ್ಲದಿದ್ದರೆ ಇನ್ನೊಬ್ಬ ವಿದ್ಯಾರ್ಥಿ ಕೇಳದ ವರ್ಷವೇ ಇರಲಿಲ್ಲ. ಮಕ್ಕಳ ಉದ್ಧಟತನವೆಂದು ನಾವು ಗದರಿಸಿಬಿಡುವ ಪ್ರಶ್ನೆಯ ಸೋದರರನ್ನೇ ಒಂಬತ್ತನೆಯ ಶತಮಾನದಲ್ಲಿ ಮಹಾಮುನಿಯೊಬ್ಬರು ಗ್ರಂಥಸ್ಥಗೊಳಿಸಿದ್ದಾರೆಂಬುದನ್ನು ಮರೆಯಬಾರದು.

ಅಷ್ಟೇ ಅಲ್ಲ, ಪರೀಕ್ಷೆಯನ್ನು ನಮ್ಮ ಆಚಾರ್ಯರು ಜಿನೇಂದ್ರನಿಗೂ ಬಿಡಲಿಲ್ಲ. ಸಮಂತಭದ್ರಾಚಾರ್ಯರು ‘ಆಪ್ತಮೀಮಾಂಸೆ’ಯ ಆರಂಭದಲ್ಲಿಯೇ, ದೇವತೆಗಳು ಬಂದಿಳಿಯುವುದು, ಆಕಾಶಗಮನ, ಚಾಮರ ಮೊದಲಾದ ವೈಭವಗಳು ಮಾಯಾವಿಗಳಲ್ಲಿಯೂ ಕಾಣುವುದರಿಂದ ಅವುಗಳಿಂದಲೇ ನೀನು ಮಹಾತ್ಮನೆಂದು ಒಪ್ಪಲಾರೆವು ಎಂಬ ಅಭಿಪ್ರಾಯವನ್ನು ಮುಂದಿಟ್ಟರು. ದೋಷರಹಿತತೆ ಮತ್ತು ಯುಕ್ತಿಗೆ ವಿರೋಧವಾಗದ ವಚನ ಇವೇ ಅವರು ಕೇಳಿದ ಪ್ರಮಾಣ. ಲೋಕಮೂಢತೆ, ದೇವಮೂಢತೆ, ಗುರುಮೂಢತೆ ಎಂಬ ಮೂರನ್ನು ಕಳೆದುಕೊಳ್ಳದೆ ಸಮ್ಯಗ್ದರ್ಶನವಿಲ್ಲವೆಂದವರೂ ಅವರೇ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದಾಗ ನಾಡಿನಲ್ಲಿ ದೊಡ್ಡ ಗದ್ದಲವೆದ್ದಿತು. ಸಮಂತಭದ್ರರನ್ನು ಓದಿದ ಶ್ರಾವಕನಿಗೆ ಪವಾಡವನ್ನು ಪರೀಕ್ಷಿಸಬೇಕೆಂಬ ಮಾತು ಹೊಸದೂ ಅಲ್ಲ, ಭಯಾನಕವೂ ಅಲ್ಲ.

ನಿಜವಾದ ನಾಸ್ತಿಕನೊಡನೆ ಹೇಗೆ ನಡೆದುಕೊಳ್ಳಬೇಕೆಂಬುದಕ್ಕೂ ಆಗಮದಲ್ಲಿ ನಿದರ್ಶನವಿದೆ. ಶ್ವೇತಾಂಬರ ಆಗಮವಾದ ‘ರಾಯಪಸೇಣಿಯ’ದಲ್ಲಿ ಪ್ರದೇಶಿ ಎಂಬ ರಾಜನ ಕಥೆ ಬರುತ್ತದೆ. ಅವನು ಶರೀರಕ್ಕಿಂತ ಬೇರೆಯಾದ ಜೀವವಿಲ್ಲವೆಂದು ನಂಬಿದವನು. ಕಳ್ಳನನ್ನು ಕಬ್ಬಿಣದ ಕೊಪ್ಪರಿಗೆಯಲ್ಲಿ ಮುಚ್ಚಿಸಿ, ಸತ್ತ ಮೇಲೆ ಜೀವ ಹೊರಹೋದ ರಂಧ್ರವೆಲ್ಲಿ ಎಂದು ಹುಡುಕಿಸಿದ್ದನು. ಇನ್ನೊಬ್ಬನನ್ನು ಸಾವಿನ ಮುಂಚೆ ಮತ್ತು ನಂತರ ತೂಗಿಸಿ ವ್ಯತ್ಯಾಸ ಕಾಣದೆ ತನ್ನ ವಾದವೇ ಗೆದ್ದಿತೆಂದುಕೊಂಡಿದ್ದನು. ಕೇಶಿಕುಮಾರ ಶ್ರಮಣರು ಅವನನ್ನು ಶಪಿಸಲಿಲ್ಲ, ಪಾಪಿಯೆಂದು ಎದ್ದುಹೋಗಲಿಲ್ಲ. ಮುಚ್ಚಿದ ಮನೆಯೊಳಗೆ ಬಾರಿಸಿದ ಭೇರಿಯ ಧ್ವನಿ ಗೋಡೆಯಲ್ಲಿ ರಂಧ್ರವಿಲ್ಲದೆಯೇ ಹೊರಗೆ ಕೇಳಿಸುವುದಿಲ್ಲವೇ ಎಂದರು. ಕಟ್ಟಿಗೆಯಲ್ಲಿ ಬೆಂಕಿಯಿದೆಯೆಂದು ಕೇಳಿ ಅದನ್ನು ಚೂರುಚೂರಾಗಿ ಸೀಳಿ ಹುಡುಕಿದವನಿಗೆ ಬೆಂಕಿ ಸಿಕ್ಕೀತೇ ಎಂದರು. ಪ್ರಶ್ನೆಗೊಂದು ಉತ್ತರ, ಉಪಮೆಗೊಂದು ಉಪಮೆ. ಕೊನೆಗೆ ರಾಜನು ಶ್ರಾವಕವ್ರತ ಸ್ವೀಕರಿಸಿದನು. ಆದಾಯದಲ್ಲೊಂದು ಪಾಲನ್ನು ದಾನಶಾಲೆಗೆ ಮೀಸಲಿಟ್ಟನು. ರಾಣಿಯೇ ವಿಷವಿಕ್ಕಿದಾಗಲೂ ಅವಳ ಮೇಲೆ ದ್ವೇಷ ತಾಳದೆ ದೇಹ ಬಿಟ್ಟನು. ಅವನು ಆಸ್ತಿಕನಾದನೆಂಬುದಕ್ಕೆ ಅವನ ವಾದಕ್ಕಿಂತ ಆ ಕೊನೆಯ ಗಳಿಗೆಯೇ ಸಾಕ್ಷಿ.

ಸಮ್ಯಗ್ದರ್ಶನವನ್ನು ಹೊರಗಿನಿಂದ ಗುರುತಿಸಲು ಪೂಜ್ಯಪಾದಾಚಾರ್ಯರು ನಾಲ್ಕು ಲಕ್ಷಣಗಳನ್ನು ಹೇಳಿದ್ದಾರೆ: ಪ್ರಶಮ, ಸಂವೇಗ, ಅನುಕಂಪೆ, ಆಸ್ತಿಕ್ಯ. ಕಷಾಯಗಳು ತಣಿಯುವುದು ಪ್ರಶಮ. ಸಂಸಾರದ ಭಯ ಸಂವೇಗ. ಸರ್ವ ಜೀವಿಗಳಲ್ಲಿ ಮೈತ್ರಿ ಅನುಕಂಪೆ. ಜೀವಾದಿ ತತ್ತ್ವಗಳು ಇರುವಂತೆಯೇ ಇವೆ ಎಂಬ ನಿಶ್ಚಯ ಆಸ್ತಿಕ್ಯ. ಆಸ್ತಿಕ್ಯವು ಒಂಟಿಯಾಗಿ ಬರುವುದಿಲ್ಲ; ಉಳಿದ ಮೂರರ ಜೊತೆಗೇ ಬರುತ್ತದೆ. ದೇವರಿಲ್ಲವೆಂದು ಹೇಳುತ್ತಲೇ ಅಸ್ಪೃಶ್ಯತೆಯ ವಿರುದ್ಧ ಜೀವಮಾನವಿಡೀ ದುಡಿದ ಆಂಧ್ರದ ಗೋರಾ ಅವರಂಥವರಲ್ಲಿ ಅನುಕಂಪೆ ಇತ್ತೆಂದು ಯಾರು ಒಪ್ಪುವುದಿಲ್ಲ? ತತ್ತ್ವಶ್ರದ್ಧೆಯಿಲ್ಲದೆ ಅದು ಪೂರ್ಣ ಸಮ್ಯಕ್ತ್ವವಾಗದೆಂದು ಶಾಸ್ತ್ರ ಹೇಳುತ್ತದೆ, ನಿಜ. ಆದರೆ ಅನುಕಂಪೆಯಿಲ್ಲದೆ ಬರಿಯ ಬಾಯಿಮಾತಿನ ಆಸ್ತಿಕ್ಯವಿರುವವನು ಸಮ್ಯಕ್ತ್ವಕ್ಕೆ ಅವರಿಗಿಂತ ಹತ್ತಿರದಲ್ಲಿದ್ದಾನೆಂದು ಯಾವ ಶಾಸ್ತ್ರವೂ ಹೇಳುವುದಿಲ್ಲ.

ಈ ನಾಲ್ಕು ಲಕ್ಷಣಗಳನ್ನು ಹಿಡಿದು ನಮ್ಮನ್ನೇ ನೋಡಿಕೊಳ್ಳೋಣ. ಮಾಡಿದ ಕರ್ಮ ತನ್ನನ್ನು ಬಿಡದೆಂದು ನಿಜವಾಗಿ ನಂಬಿದ ವ್ಯಾಪಾರಿ ತೂಕದಲ್ಲಿ ಮೋಸ ಮಾಡಬಲ್ಲನೇ? ಅಭಿಷೇಕದ ಕಲಶಕ್ಕೆ ಎಲ್ಲರಿಗಿಂತ ಹೆಚ್ಚಿನ ಮೊತ್ತ ಕೂಗಿ, ಮನೆಗೆ ಬಂದು ಸೊಸೆಯ ತವರಿನಿಂದ ಬರಬೇಕಾದ್ದನ್ನು ಲೆಕ್ಕ ಹಾಕುವವನು ಯಾವುದನ್ನು ನಂಬಿದ್ದಾನೆ? ದಶಲಕ್ಷಣ ಪರ್ವ ಮುಗಿದೊಡನೆ ಕ್ಷಮಾವಣಿಯ ಸಂದೇಶವನ್ನು ಮೊಬೈಲಿನಲ್ಲಿ ನೂರು ಮಂದಿಗೆ ಕಳಿಸುತ್ತೇವೆ. ಆಸ್ತಿ ಪಾಲಿನ ಜಗಳದಿಂದ ಮಾತು ಬಿಟ್ಟ ಒಡಹುಟ್ಟಿದ ಅಣ್ಣನ ಹೆಸರು ಆ ನೂರರಲ್ಲಿ ಇರುವುದಿಲ್ಲ. ಕರ್ಮಫಲವನ್ನು ಬಾಯಲ್ಲಿ ಒಪ್ಪಿ ನಡತೆಯಲ್ಲಿ ಅಲ್ಲಗಳೆಯುವ ಈ ನಾಸ್ತಿಕತೆಯನ್ನು ಯಾವ ಸಮೀಕ್ಷೆಯೂ ಎಣಿಸಿಲ್ಲ. ಬೆಳೆಯುತ್ತಿರುವುದು ಇದಾದರೆ ಕಳವಳ ಪಡಬೇಕು.

ಇನ್ನು ಬಸದಿಗೆ ಬಾರದ ಮಗನ ವಿಚಾರ. ಸಮ್ಯಕ್ತ್ವದ ಎಂಟು ಅಂಗಗಳಲ್ಲಿ ಮೊದಲನೆಯದಾದ ನಿಃಶಂಕಿತವೆಂದರೆ ಪ್ರಶ್ನೆ ಕೇಳಬಾರದೆಂದಲ್ಲ. ಕೇಳಿ, ತಿಳಿದು, ಅಲುಗಾಡದೆ ನಿಲ್ಲುವುದು. ಇಂದ್ರಭೂತಿ ಗೌತಮರು ಭಗವಾನ್ ಮಹಾವೀರರ ಬಳಿಗೆ ಬಂದದ್ದು ಜೀವತತ್ತ್ವದ ವಿಷಯದಲ್ಲಿ ಸಂಶಯವನ್ನು ಹೊತ್ತುಕೊಂಡೇ. ಆ ಸಂಶಯಿಯೇ ಮೊದಲ ಗಣಧರರಾದರು. ದಾರಿಯಿಂದ ಜಾರುವವನನ್ನು ಮರಳಿ ನಿಲ್ಲಿಸುವ ಸ್ಥಿತಿಕರಣ, ಸಹಧರ್ಮಿಯ ಮೇಲಿನ ವಾತ್ಸಲ್ಯ ಇವೂ ಅದೇ ಎಂಟು ಅಂಗಗಳಲ್ಲಿ ಸೇರಿವೆ. ರಾತ್ರಿ ಉಣ್ಣಬಾರದೇಕೆ, ಕಂದಮೂಲ ಬೇಡವೇಕೆ ಎಂದು ಮಗ ಕೇಳಿದಾಗ ‘ಹಿರಿಯರು ಹೇಳಿದ್ದಾರೆ, ಸುಮ್ಮನಿರು’ ಎಂದರೆ ಅಲ್ಲಿಗೆ ಮಾತು ನಿಲ್ಲುತ್ತದೆ, ಸಂಶಯ ನಿಲ್ಲುವುದಿಲ್ಲ. ಉತ್ತರ ತಿಳಿಯದಿದ್ದರೆ ತಂದೆಯೂ ಮಗನೂ ಸೇರಿ ಸ್ವಾಧ್ಯಾಯಕ್ಕೆ ಕುಳಿತುಕೊಳ್ಳಲಿ.

ಜಗತ್ತಿನಲ್ಲಿ ಮತಗಳ ಹೆಸರು ಬಿಡುವವರು ಕೆಲವೆಡೆ ಹೆಚ್ಚುತ್ತಿದ್ದಾರೆ, ಕೆಲವೆಡೆ ಮರಳುತ್ತಿದ್ದಾರೆ. ಅದು ಕಾಲಚಕ್ರದ ಏರಿಳಿತ. 2011ರ ಜನಗಣತಿಯಲ್ಲಿ ದೇಶದ ಸುಮಾರು 44 ಲಕ್ಷ ಮಂದಿ ಜೈನರೆಂದು ಬರೆಸಿದ್ದಾರೆ. ಅವರಲ್ಲಿ ಪ್ರಶಮ, ಸಂವೇಗ, ಅನುಕಂಪೆಗಳೊಡಗೂಡಿದ ಆಸ್ತಿಕ್ಯ ಎಷ್ಟು ಮಂದಿಯಲ್ಲಿದೆ ಎಂಬ ಲೆಕ್ಕವನ್ನು ಪ್ರತಿಯೊಬ್ಬನೂ ಸಾಮಾಯಿಕದ ವೇಳೆಯಲ್ಲಿ ತನ್ನೊಬ್ಬನ ಮಟ್ಟಿಗೆ ಮಾಡಿಕೊಂಡರೆ ಸಾಕು. ಮಾತು ಬಿಟ್ಟ ಅಣ್ಣನ ಮನೆಯ ಬಾಗಿಲಿಗೆ ಇಂದೇ ಹೋಗಿ ನಿಲ್ಲುವ ಮನಸ್ಸು ಅದರಿಂದ ಹುಟ್ಟಿದರೆ, ಆ ಮನೆಯ ಮಕ್ಕಳಿಗೆ ಧರ್ಮದ ಮೇಲಿನ ನಂಬಿಕೆಯನ್ನು ಬೇರೆಯಾಗಿ ಬೋಧಿಸಬೇಕಾಗಿ ಬಾರದು.