ನಮ್ಮ ವಯಸ್ಸಿನವರಿಗೂ ಬರುವ ಯಕೃತ್ತಿನ ಕ್ಯಾನ್ಸರ್

ಯಕೃತ್ತಿನ ಕ್ಯಾನ್ಸರ್ ಎಂದರೆ ಕುಡಿತದವರಿಗೆ, ವಯಸ್ಸಾದವರಿಗೆ ಬರುವ ಕಾಯಿಲೆ ಎಂದು ನಮ್ಮಲ್ಲಿ ಹಲವರು ತಿಳಿದಿದ್ದೇವೆ. ಆದರೆ ಫೈಬ್ರೊಲ್ಯಾಮೆಲ್ಲರ್ ಕಾರ್ಸಿನೋಮ ಎಂಬ ಅಪರೂಪದ ಬಗೆ ಹೆಚ್ಚಾಗಿ ಕಾಣಿಸುವುದು ಹದಿಹರೆಯದವರಲ್ಲಿ ಮತ್ತು ಯುವಜನರಲ್ಲಿ. ಸಾಮಾನ್ಯವಾಗಿ ಅವರಿಗೆ ಹೆಪಟೈಟಿಸ್ ಆಗಲಿ ಸಿರೋಸಿಸ್ ಆಗಲಿ ಇರುವುದಿಲ್ಲ. 1956ರಲ್ಲಿ ಅಮೆರಿಕದ ವೈದ್ಯ ಹ್ಯೂ ಎಡ್ಮಂಡ್‌ಸನ್ ಇದನ್ನು ಮೊದಲು ವರದಿ ಮಾಡಿದಾಗ ರೋಗಿ 14 ವರ್ಷದ ಹುಡುಗಿ.

ಇದನ್ನು ಪತ್ತೆ ಹಚ್ಚುವುದೇ ಕಷ್ಟ. ಹೊಟ್ಟೆನೋವು, ಸುಸ್ತು, ತೂಕ ಇಳಿಯುವುದು ಇದರ ಲಕ್ಷಣಗಳು. ಇವನ್ನು ಗ್ಯಾಸ್ಟ್ರಿಕ್ ಎಂದೋ ಪರೀಕ್ಷೆಯ ಟೆನ್ಷನ್ ಎಂದೋ ತಳ್ಳಿಹಾಕುವುದು ಸುಲಭ. ಯಕೃತ್ತಿನ ಕ್ಯಾನ್ಸರ್ ಇದ್ದರೆ ಅನೇಕರ ರಕ್ತದಲ್ಲಿ ಏರುವ ಎಎಫ್‌ಪಿ ಎಂಬ ಅಂಶ ಇವರಲ್ಲಿ ಬಹುಮಟ್ಟಿಗೆ ಸರಿಯಾಗಿಯೇ ಇರುತ್ತದೆ. ಆದ್ದರಿಂದ ನೋವು ವಾರಗಟ್ಟಲೆ ಉಳಿದರೆ ರಕ್ತದ ರಿಪೋರ್ಟ್ ಒಂದನ್ನೇ ನಂಬಬಾರದು, ಸ್ಕ್ಯಾನಿಂಗ್ ಮಾಡಿಸಬೇಕು. ಸ್ಕ್ಯಾನ್‌ನಲ್ಲಿ ಗೆಡ್ಡೆಯ ನಡುವೆ ಗಾಯದ ಕಲೆಯಂಥ ಗುರುತು ಕಾಣಬಹುದು. ಅಪಾಯವಿಲ್ಲದ ಇನ್ನೊಂದು ಗೆಡ್ಡೆಯಲ್ಲೂ ಅಂಥದೇ ಕಲೆ ಇರುವುದರಿಂದ ಗೆಡ್ಡೆಯ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಜೀವಕೋಶಗಳ ನಡುವೆ ನಾರಿನ ಪದರಗಳು ಕಾಣುತ್ತವೆ. ರೋಗದ ಹೆಸರು ಬಂದದ್ದು ಅದರಿಂದಲೇ.

ಇದರ ಮೂಲ ತಿಳಿದದ್ದು 2014ರಲ್ಲಿ. ನ್ಯೂಯಾರ್ಕಿನ ಎಲಾನಾ ಸೈಮನ್‌ಗೆ 12ನೇ ವಯಸ್ಸಿನಲ್ಲಿ ಇದೇ ಕ್ಯಾನ್ಸರ್ ಇರುವುದು ಗೊತ್ತಾಗಿ ಶಸ್ತ್ರಚಿಕಿತ್ಸೆ ನಡೆದಿತ್ತು. ಮುಂದೆ ಹೈಸ್ಕೂಲಿನಲ್ಲಿರುವಾಗಲೇ ಆಕೆ, ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದ ವಿಜ್ಞಾನಿಯಾದ ತಂದೆ ಮತ್ತು ಇತರರ ಜೊತೆ ಸೇರಿ ರೋಗಿಗಳ ಗೆಡ್ಡೆಗಳನ್ನು ಪರಿಶೀಲಿಸಿದಳು. ಉರ್ದುವಿನಲ್ಲಿ ಜಿಗರ್ ಎಂದರೆ ಯಕೃತ್ತೂ ಹೌದು, ಧೈರ್ಯವೂ ಹೌದು. ಈ ಹುಡುಗಿಗೆ ಎರಡನೆಯದು ಬೇಕಾದಷ್ಟಿತ್ತು. ಪರೀಕ್ಷಿಸಿದ 15 ಗೆಡ್ಡೆಗಳಲ್ಲೂ ಒಂದೇ ದೋಷ ಸಿಕ್ಕಿತು. ನಾನು ಕಾಮರ್ಸ್ ವಿದ್ಯಾರ್ಥಿ, ನಮ್ಮ ಲೆಕ್ಕದ ಭಾಷೆಯಲ್ಲೇ ಹೇಳುತ್ತೇನೆ. ಲೆಡ್ಜರಿನ ನಡುವಿನ ಹಾಳೆಗಳು ಹರಿದುಹೋಗಿ, ಒಂದು ಖಾತೆಯ ಆರಂಭಕ್ಕೆ ಇನ್ನೊಂದು ಖಾತೆಯ ಕೊನೆ ಅಂಟಿಕೊಂಡರೆ ಹೇಗೆ? 19ನೇ ಕ್ರೋಮೋಸೋಮಿನಲ್ಲಿ ಸುಮಾರು 4 ಲಕ್ಷ ಅಕ್ಷರಗಳಷ್ಟು ಡಿಎನ್‌ಎ ಕಳೆದುಹೋಗಿ, ಎರಡು ಜೀನ್‌ಗಳು ಹಾಗೆ ಅಂಟಿಕೊಂಡಿದ್ದವು. ಈಗ ಅನುಮಾನವಿದ್ದಾಗ ಈ ಜೋಡಿ ಜೀನನ್ನು ಹುಡುಕಿ ರೋಗವನ್ನು ಖಚಿತಪಡಿಸಿಕೊಳ್ಳುತ್ತಾರೆ.

ಚಿಕಿತ್ಸೆಯಲ್ಲಿ ಮುಖ್ಯವಾದುದು ಗೆಡ್ಡೆಯನ್ನು ಪೂರ್ತಿ ಕತ್ತರಿಸಿ ತೆಗೆಯುವುದು. ಅಗತ್ಯವಿದ್ದರೆ ಹತ್ತಿರದ ದುಗ್ಧಗ್ರಂಥಿಗಳನ್ನೂ ತೆಗೆಯುತ್ತಾರೆ. ಆರೋಗ್ಯವಾಗಿ ಉಳಿದ ಯಕೃತ್ತು ಮತ್ತೆ ಬೆಳೆಯುತ್ತದೆ. ಆದರೂ ಕ್ಯಾನ್ಸರ್ ಮರಳಿ ಬರುವುದು ಸಾಮಾನ್ಯ, ಹಾಗಾಗಿ ವರ್ಷಗಟ್ಟಲೆ ಸ್ಕ್ಯಾನ್ ತಪ್ಪುವುದಿಲ್ಲ. ಎಲ್ಲರಿಗೂ ಕೆಲಸ ಮಾಡುವ ಔಷಧಿ ಇನ್ನೂ ಸಿಕ್ಕಿಲ್ಲ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ಸಂಶೋಧಕರು ಆ ಜೋಡಿ ಜೀನಿನಿಂದ ಹುಟ್ಟುವ ಪ್ರೋಟೀನನ್ನೇ ಗುರಿಯಾಗಿಟ್ಟ ಲಸಿಕೆಯನ್ನು ರೋಗಿಗಳಲ್ಲಿ ಪರೀಕ್ಷಿಸಿದ್ದಾರೆ.