ಪದ್ಮಿನಿಯ ಜೀರ್ಣೋದ್ಧಾರ

ಮುಂಬಯಿಯ ಬಳಿಯ ಡೊಂಬಿವಲಿಯ ಪೂರ್ವಭಾಗದಲ್ಲಿ, ಕಲ್ಯಾಣದಿಂದ ಶೀಲ್ ಫಾಟಾದ ಕಡೆಗೆ ಸಾಗುವ ರಸ್ತೆಯ ಅಂಚಿನಲ್ಲಿ, ‘ಪ್ರೀಮಿಯರ್ ಕಾಲೋನಿ’ ಎಂಬ ಸ್ಥಳನಾಮವೊಂದು ಇಂದಿಗೂ ಬಳಕೆಯಲ್ಲಿದೆ. ಆ ಹೆಸರಿಗೆ ಕಾರಣವಾದ ಮೋಟಾರು ಕಾರ್ಖಾನೆ ಮಾತ್ರ ಅಲ್ಲಿಲ್ಲ. ಅದಿದ್ದ ನೆಲದ ಮೇಲೆ ಈಗ ಬಹುಮಹಡಿಯ ವಸತಿಗಳು ಎದ್ದುನಿಂತಿವೆ. 1944ರಲ್ಲಿ ವಾಲ್‌ಚಂದ್ ಹೀರಾಚಂದರು ಸ್ಥಾಪಿಸಿದ ಪ್ರೀಮಿಯರ್ ಆಟೋಮೊಬೈಲ್ಸ್ ಸಂಸ್ಥೆಯು ಕುರ್ಲಾದಲ್ಲಿ ಮೊದಲು ಅಮೆರಿಕದ ಡಾಡ್ಜ್, ಪ್ಲಿಮತ್ ಕಾರುಗಳನ್ನೂ ತರುವಾಯ ಇಟಲಿಯ ಫಿಯೆಟ್ ಕಾರುಗಳನ್ನೂ ತಯಾರಿಸಿ, 1990ರ ದಶಕದ ನಡುವಿನಲ್ಲಿ ಫ್ರಾನ್ಸಿನ ಪ್ಯೂಜೊ 309 ಕಾರನ್ನು ಕಲ್ಯಾಣದ ಈ ಘಟಕದಿಂದ ಹೊರತಂದಿತು. ಆ ಸಹಭಾಗಿತ್ವ ಕೆಲವೇ ವರ್ಷಗಳಲ್ಲಿ ಮುರಿದುಬಿದ್ದಿತು. ಕಾರ್ಖಾನೆಗಳು ಹೋದರೂ ಕುರ್ಲಾದಿಂದ ಕಲ್ಯಾಣದವರೆಗಿನ ರೈಲುದಾರಿಯ ಇಕ್ಕೆಲಗಳಲ್ಲಿ ಆ ಕಾರುಗಳ ಒಂದೊಂದು ತಿರುಪನ್ನೂ ಬಲ್ಲ ಕೈಗಳು ಇನ್ನೂ ಉಳಿದಿವೆ. ಹಳೆಯ ಫಿಯೆಟ್ ಕಾರೊಂದನ್ನು ಸಾಧಾರಣ ಸಂಬಳದ ಮನುಷ್ಯನೂ ತುಕ್ಕಿನ ಬಾಯಿಂದ ಬಿಡಿಸಿಕೊಳ್ಳಲು ಸಾಧ್ಯವಾಗಿರುವುದು ಮುಖ್ಯವಾಗಿ ಆ ಕೈಗಳಿಂದ.

1964ರಲ್ಲಿ ‘ಫಿಯೆಟ್ 1100 ಡಿಲೈಟ್’ ಎಂಬ ಹೆಸರಿನಿಂದ ಬಂದ ಕಾರು, ಫಿಯೆಟ್ ಕಂಪನಿಯೊಡನೆ ಇದ್ದ ಒಪ್ಪಂದ ಮುಗಿದ ಮೇಲೆ ಸ್ವಲ್ಪಕಾಲ ‘ಪ್ರೀಮಿಯರ್ ಪ್ರೆಸಿಡೆಂಟ್’ ಎನಿಸಿಕೊಂಡು, 1974ರಿಂದ ‘ಪ್ರೀಮಿಯರ್ ಪದ್ಮಿನಿ’ ಎಂದಾಯಿತು. 1089 ಸಿಸಿಯ ನಾಲ್ಕು ಸಿಲಿಂಡರಿನ ಎಂಜಿನ್, ಬಹುಕಾಲ ಸ್ಟೀರಿಂಗಿನ ಕಂಬದ ಮೇಲೆಯೇ ಇದ್ದ ಗೇರು, ನಾಲ್ಕು ಚಕ್ರಗಳಿಗೂ ಡ್ರಮ್ ಬ್ರೇಕು: ಇಷ್ಟೇ ಅದರ ಸಂಪತ್ತು. ಹಣ ಕಟ್ಟಿ ವರ್ಷಗಟ್ಟಲೆ ಸರದಿಗಾಗಿ ಕಾಯಬೇಕಾಗಿದ್ದ ಕಾಲದಲ್ಲಿ ಅದು ಮಧ್ಯಮವರ್ಗದ ಮಹತ್ತ್ವಾಕಾಂಕ್ಷೆಯಾಗಿದ್ದಿತು. ಕಪ್ಪು–ಹಳದಿ ಬಣ್ಣ ಬಳಿದುಕೊಂಡು ಮುಂಬಯಿಯ ಟ್ಯಾಕ್ಸಿಯಾದ ಮೇಲೆ ಅದು ಎಲ್ಲರ ಸ್ವತ್ತಾಯಿತು. ಟ್ಯಾಕ್ಸಿಗಳ ಆಯುಸ್ಸು 20 ವರ್ಷವೆಂದು ಸರ್ಕಾರ ವಿಧಿಸಿದುದರಿಂದ, ತಾರದೇವ ಆರ್‌ಟಿಒ ಕಚೇರಿಯಲ್ಲಿ 2003ರ ಅಕ್ಟೋಬರಿನಲ್ಲಿ ನೋಂದಣಿಯಾದ ಕಟ್ಟಕಡೆಯ ಪದ್ಮಿನಿ ಟ್ಯಾಕ್ಸಿಯು 2023ರ ಅಕ್ಟೋಬರ್ 30ರಂದು ಬೀದಿಯಿಂದ ನಿವೃತ್ತವಾಯಿತು. ಉಳಿದಿರುವುವು ಖಾಸಗಿಯವರ ಮನೆಯ ಪದ್ಮಿನಿಗಳು. ಅವುಗಳಲ್ಲಿ ಓಡುವುವು ಕೆಲವು, ಟಾರ್ಪಾಲಿನ ಕೆಳಗೆ ಕೊಳೆಯುವುವು ಹಲವು.

ಪುರಾತನ ವಾಹನಗಳೆಂದೊಡನೆ ಕನ್ನಡಿಗರಾದ ನಮಗೆ ನೆನಪಾಗುವುದು ಧರ್ಮಸ್ಥಳದ ಕಾರುಗಳ ಸಂಗ್ರಹ, ಇಲ್ಲವೆ ಅದೇ ಕ್ಷೇತ್ರದ ಧರ್ಮಾಧಿಕಾರಿಗಳಾದ ವೀರೇಂದ್ರ ಹೆಗ್ಗಡೆಯವರ ಆಸಕ್ತಿಯಿಂದ 2023ರಲ್ಲಿ ಶ್ರೀರಂಗಪಟ್ಟಣದ ಬಳಿ ತೆರೆದ ‘ಪಯಣ’ ವಸ್ತುಸಂಗ್ರಹಾಲಯ. ಅವು ನೋಡತಕ್ಕ ಸ್ಥಳಗಳೇ ಸರಿ. ಆದರೆ ಅಲ್ಲಿನ ಕಾರುಗಳನ್ನು ಕಂಡು ಮನೆಗೆ ಬಂದವನು, ತನ್ನ ಕಟ್ಟಡದ ಹಿಂಬದಿಯಲ್ಲಿ ನಾಲ್ಕೂ ಟೈರು ಕುಸಿದು ನಿಂತಿರುವ ತಂದೆಯ ಕಾಲದ ಫಿಯೆಟ್ಟನ್ನು ನೋಡಿ, ಇದಕ್ಕೂ ಒಂದು ಗತಿ ಕಾಣಿಸಬಹುದೇ ಎಂದು ಕೇಳಿಕೊಂಡರೆ, ಅದಕ್ಕೆ ಉತ್ತರ ವಸ್ತುಸಂಗ್ರಹಾಲಯದಲ್ಲಿ ದೊರೆಯದು. ಹೋಟೆಲ್ಲು, ಬ್ಯಾಂಕು, ಕಾರ್ಖಾನೆಗಳ ಕೆಲಸಕ್ಕೆಂದು ಕರಾವಳಿಯಿಂದಲೂ ಉತ್ತರ ಕರ್ನಾಟಕದಿಂದಲೂ ಬಂದು, ಇಲ್ಲಿ ಕರ್ನಾಟಕ ಸಂಘವನ್ನು ಕಟ್ಟಿ ಅದರ ಆಶ್ರಯದಲ್ಲಿ ಮಂಜುನಾಥ ವಿದ್ಯಾಲಯವನ್ನು ಬೆಳೆಸಿದ ಡೊಂಬಿವಲಿಯ ಕನ್ನಡಿಗರಲ್ಲಿಯೂ ಇಂಥ ಫಿಯೆಟ್ಟಿನ ವಾರಸುದಾರರುಂಟು. ಬೆಳಗಿನ ಲೋಕಲ್ ರೈಲನ್ನು ಹಿಡಿದು ಮುಂಬಯಿಗೆ ಹೋಗಿ ರಾತ್ರಿ ಹಿಂದಿರುಗುವವನಿಗೆ ವಾರದ ಆರು ದಿನ ಕಾರಿನ ಅಗತ್ಯವೇ ಬೀಳದು; ಈ ಊರಿನ ಕಾರುಗಳು ಓಡಿ ಸವೆದುದಕ್ಕಿಂತ ನಿಂತು ಸವೆದುದೇ ಹೆಚ್ಚೆಂದು ನನಗೆ ತೋರುತ್ತದೆ.

ಹೀಗೆ ನಿಂತ ಕಾರಿಗೆ ಈ ಊರಿನ ಹವೆಯೂ ಹಿತವಲ್ಲ. ಜೂನಿನಿಂದ ಸೆಪ್ಟೆಂಬರಿನವರೆಗೆ ಬಿಡದೆ ಸುರಿಯುವ ಮಳೆ, ಒಂದು ಪಕ್ಕದಲ್ಲಿ ಉಲ್ಹಾಸ ನದಿಯ ಉಪ್ಪುನೀರಿನ ಖಾಡಿ, ಇನ್ನೊಂದು ಪಕ್ಕದಲ್ಲಿ ಎಂಐಡಿಸಿ ಕೈಗಾರಿಕಾ ವಸಾಹತಿನ ರಾಸಾಯನಿಕ ಕಾರ್ಖಾನೆಗಳು. 2014ರ ಜನವರಿಯಲ್ಲಿ ಇಲ್ಲಿ ಹಸಿರು ಬಣ್ಣದ ಮಳೆ ಬಿದ್ದುದನ್ನೂ, 2020ರ ಫೆಬ್ರವರಿಯಲ್ಲಿ ಆ ವಸಾಹತಿನ ರಸ್ತೆಯೊಂದು ಗುಲಾಬಿಯಾದುದನ್ನೂ ಪತ್ರಿಕೆ ಓದುವವರು ಮರೆತಿರಲಾರರು. ಕಬ್ಬಿಣಕ್ಕೆ ತುಕ್ಕು ಹಿಡಿಯಲು ನೀರೂ ಆಮ್ಲಜನಕವೂ ಸಾಕು. ಉಪ್ಪೂ ಆಮ್ಲದ ಆವಿಯೂ ಸೇರಿದರೆ ಆ ಕಾರ್ಯ ತ್ವರೆಗೊಳ್ಳುತ್ತದೆ. ಬಾಗಿಲಿನ ತಳದಲ್ಲಿ ನೀರು ಇಳಿದುಹೋಗಲೆಂದು ಬಿಟ್ಟ ಸಣ್ಣ ರಂಧ್ರಗಳು ಧೂಳಿನಿಂದ ಮುಚ್ಚಿಹೋದರೆ ಮಳೆನೀರು ಒಳಗೇ ನಿಂತು ತಗಡನ್ನು ಒಳಗಿನಿಂದ ತಿನ್ನುವುದು. ಹೊರಗಿನ ಬಣ್ಣ ಗುಳ್ಳೆಯೆದ್ದಾಗ ನಮಗೆ ಅದು ತಿಳಿಯುವುದು.

ಈ ವಿದ್ಯೆಯ ಮೊದಲ ಪಾಠ ಪರೀಕ್ಷೆ. ಅದಕ್ಕೆ ಖರ್ಚು ಏನೂ ಇಲ್ಲ. ಕೊಳ್ಳುವವನಾಗಲಿ, ಮನೆಯ ಕಾರನ್ನೇ ಎಬ್ಬಿಸುವವನಾಗಲಿ, ಒಂದು ಅಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಕಾರಿನ ಮೈಮೇಲೆ ಮೆಲ್ಲನೆ ಎಳೆಯುತ್ತ ಹೋಗತಕ್ಕದ್ದು. ತಗಡು ಇದ್ದಲ್ಲಿ ಅದು ಕಚ್ಚಿಕೊಳ್ಳುತ್ತದೆ. ಹಿಂದಿನ ಯಜಮಾನನು ತೂತನ್ನು ಮುಚ್ಚಿ ದಪ್ಪಕ್ಕೆ ಪುಟ್ಟಿ ಮೆತ್ತಿಸಿದಲ್ಲಿ ಜಾರಿ ಬೀಳುತ್ತದೆ. ಅನಂತರ ಕಾಲುಹಾಸುಗಳನ್ನೆತ್ತಿ ನೆಲವನ್ನೂ, ಬ್ಯಾಟರಿಯ ಅಡಿಯನ್ನೂ, ಚಕ್ರದ ಕಮಾನುಗಳ ಒಳಮೈಯನ್ನೂ ಸ್ಕ್ರೂಡ್ರೈವರಿನ ಹಿಡಿಯಿಂದ ಕುಟ್ಟಿ ನೋಡಬೇಕು. ಗಟ್ಟಿಯಾದ ತಗಡು ಖಣಿಲೆನ್ನುತ್ತದೆ, ಸತ್ತ ತಗಡಿನ ದನಿ ಮಂಕು. ಬಣ್ಣದ ಕೆಳಗಿನ ಮೇಲ್ಮೈ ತುಕ್ಕನ್ನು ಉಜ್ಜಿ ತೆಗೆಯಬಹುದು. ಪದರ ಪದರವಾಗಿ ಏಳುವ ತುಕ್ಕಿಗೆ ಮದ್ದುಂಟು. ತೂತು ಬಿದ್ದುದನ್ನು ಕತ್ತರಿಸದೆ ಗತ್ಯಂತರವಿಲ್ಲ. ಈ ಮೂರರಲ್ಲಿ ಎಲ್ಲೆಲ್ಲಿ ಯಾವುದಿದೆಯೆಂದು ಸೀಮೆಸುಣ್ಣದಿಂದ ಗುರುತು ಹಾಕಿದ ಮೇಲೆಯೇ ಹಣದ ಮಾತು.

ಜೀಪಿಗಿರುವಂತೆ ಪದ್ಮಿನಿಗೆ ಪ್ರತ್ಯೇಕವಾದ ಚಾಸಿಸ್ ಇಲ್ಲ. ನೆಲ, ಪಕ್ಕ, ಛಾವಣಿಗಳ ತಗಡೆಲ್ಲ ಕೂಡಿ ಭಾರ ಹೊರುವುದು. ಅದರಲ್ಲಿಯೂ ಬಾಗಿಲುಗಳ ಅಡಿಯಲ್ಲಿ ಮನೆಯ ಹೊಸ್ತಿಲಿನಂತೆ ಮುಂದಿನಿಂದ ಹಿಂದಕ್ಕೆ ಹಾಯ್ದಿರುವ ಪೊಳ್ಳು ತೊಲೆಯೇ ಕಾರಿನ ಬೆನ್ನೆಲುಬು, ಮತ್ತು ತುಕ್ಕು ಮೊದಲು ಹಿಡಿಯುವುದೂ ಅದನ್ನೇ. ಇಂಥ ತೊಲೆಯೊಂದನ್ನು ಬದಲಿಸುವುದನ್ನು ನಾನು ಗ್ಯಾರೇಜೊಂದರಲ್ಲಿ ನಿಂತು ನೋಡಿದ್ದೇನೆ. ಕೆಲಸಗಾರನು ಮೊದಲು ಬಾಗಿಲಿನ ತೆರಪಿನಲ್ಲಿ ಕಂಬದಿಂದ ಕಂಬಕ್ಕೆ ಕಬ್ಬಿಣದ ಕೋಲೊಂದನ್ನು ಅಡ್ಡಲಾಗಿ ಬೆಸೆದನು. ಹಾಗೆ ಮಾಡದೆ ತೊಲೆಯನ್ನು ಕತ್ತರಿಸಿದರೆ ಮೈಯೇ ನಡುವಿನಲ್ಲಿ ಬಾಗಿ, ಮುಂದೆ ಎಂದಿಗೂ ಬಾಗಿಲು ಸರಿಯಾಗಿ ಮುಚ್ಚದು. ಎರಡು ಪಕ್ಕಗಳನ್ನೂ ಏಕಕಾಲದಲ್ಲಿ ಮುಟ್ಟಲಿಲ್ಲ. ಹಳೆಯ ತುಂಡನ್ನೇ ಅಳತೆಯಾಗಿ ಇಟ್ಟುಕೊಂಡು 18 ಗೇಜಿನ ಹೊಸ ತಗಡನ್ನು ಅಂಚುಗಲ್ಲಿನ ಮೇಲೆ ಬಡಿದು ಮಡಿಸಿ, ಇಲ್ಲೊಂದು ಅಲ್ಲೊಂದು ಬೆಸುಗೆಯ ಟಾಕಿ ಹಾಕುತ್ತ, ಒಂದೆಡೆಯ ಬಿಸಿ ಆರುವವರೆಗೆ ಇನ್ನೊಂದೆಡೆಗೆ ಸರಿಯುತ್ತ, ನಾಲ್ಕು ಟಾಕಿಗೊಮ್ಮೆ ಬಾಗಿಲನ್ನು ಮುಚ್ಚಿ ಅದರ ಸುತ್ತಲಿನ ಸಂದು ಸಮನಾಗಿದೆಯೇ ಎಂದು ಬೆರಳಿನಿಂದ ನೋಡುತ್ತಿದ್ದನು. ಒಂದೇ ಉಸಿರಿಗೆ ಉದ್ದಕ್ಕೆ ಬೆಸೆದರೆ ತಗಡು ಬೇಗೆಗೆ ಸೊಟ್ಟಗಾಗುತ್ತದೆ. ಹಳೆಯದರ ಮೇಲೆ ಹೊಸದನ್ನು ಹೊದಿಸಿ ಬೆಸೆದರೆ ಕೆಲಸ ಅಗ್ಗವಾಗುವುದೇನೋ ನಿಜ, ನಡುವೆ ನೀರು ನಿಂತು ಕೆಲವು ಮಳೆಗಾಲಗಳಲ್ಲಿ ಎರಡೂ ಹೋಗುತ್ತವೆ. ಕೈಯಲ್ಲಿರುವ ಹಣವನ್ನು ಖರ್ಚುಮಾಡತಕ್ಕ ಸ್ಥಳ ಇದು. ಉಳಿದೆಡೆ ಜಿಪುಣತನ ತೋರಿದರೆ ಕ್ಷಮೆಯುಂಟು, ಇಲ್ಲಿ ಇಲ್ಲ.

ತುಕ್ಕನ್ನು ತೆಗೆಯುವ ಕೆಲಸವಾದರೋ ಯಜಮಾನನು ಸ್ವಂತ ಕೈಯಿಂದ ಮಾಡಿಕೊಳ್ಳಬಹುದಾದದ್ದು. ಕಳಚಿ ತೆಗೆಯಬಹುದಾದ ಸಣ್ಣ ಭಾಗಗಳನ್ನು, ಅಂದರೆ ಬಿಜಾಗರಿ, ಕೊಂಡಿ, ಬ್ರಾಕೆಟ್ಟುಗಳನ್ನು, ಒಂದು ಭಾಗ ಕಾಕಂಬಿಗೆ ಒಂಬತ್ತು ಭಾಗ ನೀರು ಬೆರೆಸಿದ ಡ್ರಮ್ಮಿನಲ್ಲಿ ಎರಡು ವಾರ ಮುಳುಗಿಸಿಟ್ಟರೆ ತುಕ್ಕು ತಾನಾಗಿ ಬಿಟ್ಟು ಬೂದುಬಣ್ಣದ ಶುದ್ಧ ಲೋಹ ಹೊರಬೀಳುತ್ತದೆ. ದುರ್ಗಂಧವೊಂದೇ ಅದರ ದೋಷ, ಕಟ್ಟಡದ ನೆರೆಹೊರೆಯವರ ಸೈರಣೆಯನ್ನು ಮೊದಲೇ ಸಂಪಾದಿಸಿಕೊಂಡಿರಬೇಕು. ವಾಷಿಂಗ್ ಸೋಡಾ ಕರಗಿಸಿದ ನೀರಿನಲ್ಲಿ ಬ್ಯಾಟರಿ ಚಾರ್ಜರಿನ ಋಣ ತಂತಿಗೆ ತುಕ್ಕಿನ ಭಾಗವನ್ನೂ ಧನ ತಂತಿಗೆ ಗುಜರಿ ಕಬ್ಬಿಣದ ತುಂಡನ್ನೂ ಕಟ್ಟಿ ವಿದ್ಯುತ್ತು ಹಾಯಿಸುವ ಕ್ರಮ ಇನ್ನೂ ಶೀಘ್ರವಾದುದು. ಆಗ ಜಲಜನಕ ಹೊರಡುವುದರಿಂದ ಅದನ್ನು ಬಯಲಿನಲ್ಲಿಯೇ ಮಾಡತಕ್ಕದ್ದು; ಕಬ್ಬಿಣದ ಬದಲು ಸ್ಟೀಲಿನ ಚಮಚವನ್ನೋ ತಟ್ಟೆಯನ್ನೋ ಕಟ್ಟಿದರೆ ಅದರೊಳಗಿನ ಕ್ರೋಮಿಯಂ ನೀರಿಗಿಳಿದು ವಿಷವಾಗುತ್ತದೆ. ಬಿಚ್ಚಲಾಗದ ಕಡೆಗೆ ತಂತಿಯ ಬ್ರಷ್ಷು, ಅದಾದ ಮೇಲೆ ಫಾಸ್ಫರಿಕ್ ಆಮ್ಲದ ದ್ರಾವಣ, ಅದೇ ದಿನ ಪ್ರೈಮರು. ಉಜ್ಜಿದ ತಗಡನ್ನು ರಾತ್ರಿ ಬರಿಮೈಯಲ್ಲಿ ಬಿಟ್ಟರೆ ಈ ಊರಿನ ಹವೆಯಲ್ಲಿ ಬೆಳಗಾಗುವುದರೊಳಗೆ ಅದು ಮತ್ತೆ ಕೆಂಪಾಗುತ್ತದೆ.

ಯಂತ್ರದ ವಿಷಯವನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು, ಏಕೆಂದರೆ ಪದ್ಮಿನಿಯ ಎಂಜಿನ್ ಕೆಟ್ಟು ಕಾರು ಗುಜರಿಗೆ ಹೋಗುವುದು ಅಪರೂಪ. ವರ್ಷಗಟ್ಟಲೆ ನಿಂತ ಎಂಜಿನ್ನಿಗೆ ಒಮ್ಮೆಲೇ ಬ್ಯಾಟರಿ ಕೊಟ್ಟು ತಿರುಗಿಸಬಾರದು. ಪ್ಲಗ್ಗುಗಳನ್ನು ಬಿಚ್ಚಿ ಸಿಲಿಂಡರುಗಳಿಗೆ ತುಸು ಎಣ್ಣೆ ಬಿಟ್ಟು ಕೆಲವು ದಿನ ನೆನೆಯಗೊಟ್ಟು, ಆಮೇಲೆ ಕೈಯಿಂದ ತಿರುಗಿಸಿ ನೋಡಬೇಕು. ಹಳೆಯ ಪೆಟ್ರೋಲನ್ನು ಹೊರಹಾಕಿ ಟ್ಯಾಂಕನ್ನು ತೊಳೆಯಿಸಬೇಕು. ಈಗ ದೊರೆಯುವ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಇರುವುದರಿಂದ, ಅದು ತೇವವನ್ನು ಹೀರಿ ಟ್ಯಾಂಕಿನ ಒಳಮೈಗೆ ತುಕ್ಕು ತರುವುದಲ್ಲದೆ ಹಳೆಯ ರಬ್ಬರಿನ ಪೈಪುಗಳನ್ನೂ ಪಂಪಿನ ಪೊರೆಯನ್ನೂ ಮೆತ್ತಗಾಗಿಸುತ್ತದೆ. ಇವೆರಡನ್ನೂ ಹೊಸದಾಗಿ ಹಾಕಿಸುವುದು ಅವಶ್ಯ. ಎಂಜಿನ್ ಹೊತ್ತಿಕೊಂಡ ಸಂಭ್ರಮದಲ್ಲಿ ಬ್ರೇಕನ್ನು ಮರೆತು ಬೀದಿಗಿಳಿಯುವವರಿದ್ದಾರೆ! ನಾಲ್ಕು ಚಕ್ರಗಳ ಬ್ರೇಕ್ ಸಿಲಿಂಡರುಗಳ ರಬ್ಬರನ್ನೂ ಕೊಳವೆಗಳನ್ನೂ ಬದಲಿಸುವವರೆಗೆ ಕಾರನ್ನು ತಳ್ಳಿಕೊಂಡು ಹೋಗುವುದೇ ಲೇಸು.

ಬಿಡಿಭಾಗಗಳ ವಿಷಯದಲ್ಲಿ ಪದ್ಮಿನಿಯ ಯಜಮಾನನಿಗೆ ಟ್ಯಾಕ್ಸಿಗಳ ಋಣ ದೊಡ್ಡದು. ಹತ್ತಾರು ಸಾವಿರ ಟ್ಯಾಕ್ಸಿಗಳು ಹಗಲಿರುಳು ಓಡುತ್ತಿದ್ದುದರಿಂದಲೇ ಮುಂಬಯಿಯ ಒಪೆರಾ ಹೌಸ್ ಪ್ರದೇಶದ ಅಂಗಡಿಗಳಲ್ಲಿ ಅದರ ಪ್ರತಿಯೊಂದು ಭಾಗವೂ ಅಗ್ಗವಾಗಿ ದೊರೆಯುತ್ತಿದ್ದಿತು. ಕುರ್ಲಾದ ಸಿಎಸ್‌ಟಿ ರಸ್ತೆಯ ಗುಜರಿಗಳಲ್ಲಿ ಬಿಚ್ಚಿದ ಕಾರುಗಳ ಬಾಗಿಲು, ಬಂಪರು, ದೀಪದ ಬಳೆಗಳು ರಾಶಿ ಬೀಳುತ್ತಿದ್ದುವು. ಟ್ಯಾಕ್ಸಿ ಹೋದ ಮೇಲೆ ಆ ಸಮೃದ್ಧಿ ಇಳಿಮುಖವಾಗಿದೆ. ಇದ್ದಾಗಲೇ ಒಂದು ಜೊತೆ ಹೆಚ್ಚಾಗಿ ಕೊಂಡಿಟ್ಟುಕೊಳ್ಳುವುದು ಈಗ ವಿವೇಕ. ಕೈಗೆ ಬಂದ ಹಳೆಯ ಭಾಗವನ್ನು, ಅದು ಎಷ್ಟೇ ಜೀರ್ಣವಾಗಿರಲಿ, ಹೊಸದು ಸಿಕ್ಕಿ ಅದರ ಸ್ಥಾನದಲ್ಲಿ ಕುಳಿತುಕೊಳ್ಳುವವರೆಗೆ ಎಸೆಯಬಾರದು. ಈ ಕಾಲದ ನಕಲು ಭಾಗಗಳಲ್ಲಿ ತಿರುಪಿನ ತೂತು ಒಂದು ಎಳೆ ಆಚೀಚೆ ಇರುವುದು ಸಾಮಾನ್ಯ.

ಬಣ್ಣ ಕೊನೆಯದು. ಜನರು ಅದನ್ನೇ ಮೊದಲು ಮಾಡಿಸಿ, ಇದ್ದ ಹಣವನ್ನೆಲ್ಲ ಅದಕ್ಕೆ ಸುರಿದು, ಮರುವರ್ಷ ಗುಳ್ಳೆಗಳನ್ನು ಎಣಿಸುತ್ತ ಕೂರುತ್ತಾರೆ. ಮಳೆ ನಿಂತು ಗಾಳಿಯ ತೇವ ಇಳಿಯುವ ನವೆಂಬರಿನಿಂದ ಫೆಬ್ರವರಿಯವರೆಗೆ ಬಣ್ಣಕ್ಕೆ ಪ್ರಶಸ್ತವಾದ ಕಾಲ. ಅಷ್ಟರವರೆಗೆ ಕಾರು ರೆಡ್ ಆಕ್ಸೈಡಿನ ಇಟ್ಟಿಗೆಬಣ್ಣದಲ್ಲಿಯೇ ಇದ್ದರೆ ಮಾನಹಾನಿಯೇನೂ ಇಲ್ಲ. ಕನ್ನಡಿಯಂತೆ ಹೊಳೆಯುವ ಜೀರ್ಣೋದ್ಧಾರಗಳು ನನಗೆ ಅಷ್ಟಾಗಿ ರುಚಿಸುವುದಿಲ್ಲವೆಂಬುದನ್ನೂ ಹೇಳಿಬಿಡುತ್ತೇನೆ: ಕಾರ್ಖಾನೆಯಿಂದ ಹೊರಟಾಗಲೂ ಇಲ್ಲದಿದ್ದ ಕಾಂತಿಯನ್ನು ಪದ್ಮಿನಿಯ ಮೇಲೆ ಹೇರುವುದರಲ್ಲಿ ಹಣದ ಪ್ರದರ್ಶನವಿದೆಯೇ ಹೊರತು ಕಾರಿನ ಮೇಲಿನ ಗೌರವವಿಲ್ಲ.

ಸರ್ಕಾರದ ನಿಯಮವೂ ಒಂದು ಬಗೆಯಲ್ಲಿ ಇದೇ ಅಭಿಪ್ರಾಯದ್ದು. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮಗಳ ಪ್ರಕಾರ 50 ವರ್ಷ ಮೀರಿದ, ಮೂಲಸ್ವರೂಪದಲ್ಲಿಯೇ ಉಳಿದ, ಗಣನೀಯ ಮಾರ್ಪಾಟು ಹೊಂದದ ವಾಹನವನ್ನು ‘ವಿಂಟೇಜ್’ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಅವಧಿ 10 ವರ್ಷ, ಮರುನೋಂದಣಿಗೆ 5,000 ರೂಪಾಯಿ. ಸಂಖ್ಯೆಯಲ್ಲಿ ‘ವಿಎ’ ಎಂಬ ಅಕ್ಷರಗಳು. ಅಂಥ ಕಾರನ್ನು ಪ್ರದರ್ಶನಕ್ಕೋ ರ‍್ಯಾಲಿಗೋ ಇಂಧನ, ದುರಸ್ತಿಗಳಿಗೋ ಓಡಿಸಬಹುದು, ನಿತ್ಯದ ಓಡಾಟಕ್ಕಿಲ್ಲ. 1974ರ ಮೊದಲ ಪದ್ಮಿನಿಗಳು ಈಗ ಈ ಅಂಗಳಕ್ಕೆ ಕಾಲಿಟ್ಟಿವೆ. ಅದಕ್ಕಿಂತ ಚಿಕ್ಕ ವಯಸ್ಸಿನವು 15 ವರ್ಷ ಕಳೆದ ಮೇಲೆ ಐದೈದು ವರ್ಷಕ್ಕೆ ನೋಂದಣಿಯನ್ನು ನವೀಕರಿಸಿಕೊಂಡು, ಮಹಾರಾಷ್ಟ್ರದ ಪರಿಸರ ತೆರಿಗೆಯನ್ನೂ ತೆರಬೇಕು. 20 ವರ್ಷ ಮೀರಿದ ಕಾರುಗಳ ನವೀಕರಣ ಶುಲ್ಕವನ್ನು 2025ರ ಆಗಸ್ಟಿನಲ್ಲಿ 10,000 ರೂಪಾಯಿಗೆ ಏರಿಸಲಾಗಿದೆ. ಆದುದರಿಂದ ನಿಮ್ಮ ಮನೆಯಲ್ಲಿ ಇಂಥದೊಂದು ಕಾರಿದ್ದರೆ, ತಗಡಿನವನನ್ನು ಕರೆಯುವ ಮುನ್ನ ನೋಂದಣಿ ಪುಸ್ತಕವನ್ನು ಹುಡುಕಿ ತೆಗೆದು, ಅದರ ಅವಧಿಯನ್ನು ಗಮನಿಸಿ, ಅದರಲ್ಲಿರುವ ಎಂಜಿನ್ ಮತ್ತು ಚಾಸಿಸ್ ಸಂಖ್ಯೆಗಳನ್ನು ಕಾರಿನ ಮೇಲೆ ಕೆತ್ತಿರುವುದರೊಡನೆ ಹೋಲಿಸಿ ನೋಡಿಕೊಳ್ಳಿ. ಪುಸ್ತಕ ಯಾರ ಹೆಸರಿನಲ್ಲಿದೆಯೋ ಅವರು ಗತಿಸಿದ್ದರೆ ಕಲ್ಯಾಣದ ಆರ್‌ಟಿಒ ಕಚೇರಿಯಲ್ಲಿ ಹೆಸರು ವರ್ಗಾವಣೆಯ ಅರ್ಜಿಯನ್ನು ಮೊದಲು ಕೊಡಿ. ಆ ಕಾಗದಗಳು ಸರಿಯಾಗುವಷ್ಟರಲ್ಲಿ ಕಾಕಂಬಿಯ ಡ್ರಮ್ಮು ತನ್ನ ಕೆಲಸವನ್ನು ಮುಗಿಸಿರುತ್ತದೆ.