ಪಿತ್ರಾರ್ಜಿತ ಪಾಪ ಮತ್ತು ಶಿವಕಾರುಣ್ಯ

ಪಾಪದ ಫಲವನ್ನು ಪಾಪಿಯೊಬ್ಬನೇ ಉಣ್ಣುವನೋ, ಅವನ ಮಕ್ಕಳೂ ಉಣ್ಣಬೇಕೋ ಎಂಬ ಪ್ರಶ್ನೆಗೆ ಜನರ ನುಡಿಯಲ್ಲಿ ಎರಡು ಉತ್ತರಗಳಿವೆ. ‘ಮಾಡಿದ್ದುಣ್ಣೋ ಮಹಾರಾಯ’ ಎಂಬ ಗಾದೆ ಮಾಡಿದವನ ಎಲೆಗೇ ಬಡಿಸುತ್ತದೆ, ಎಂ. ಎಸ್. ಪುಟ್ಟಣ್ಣನವರು 1915ರ ತಮ್ಮ ಕಾದಂಬರಿಗೆ ಅದನ್ನೇ ಹೆಸರಾಗಿಟ್ಟರು. ಆದರೆ ಮನೆಯಲ್ಲಿ ಮಗುವೊಂದು ನರಳಿದಾಗ ‘ಯಾವ ಹಿರಿಯರ ಕರ್ಮವೋ’ ಎಂದು ನಿಟ್ಟುಸಿರಿಡುವವರೂ ಅದೇ ಜನ. ಈ ಎರಡು ಮಾತುಗಳ ನಡುವೆ ಶರಣರ ನಿಲುವು ಯಾವುದೆಂಬುದು ವಿಚಾರಾರ್ಹವಾದುದು.

ವೀರಶೈವ ಸಿದ್ಧಾಂತವು ಜೀವನನ್ನು ಬಂಧಿಸಿದ ಮಲಗಳನ್ನು ಆಣವ, ಮಾಯಾ, ಕಾರ್ಮಿಕವೆಂದು ಮೂರಾಗಿ ಎಣಿಸುತ್ತದೆ. ವೇಧಾ, ಮಂತ್ರ, ಕ್ರಿಯಾ ದೀಕ್ಷೆಗಳಿಂದ ಶ್ರೀಗುರುವು ಕಾರಣ, ಸೂಕ್ಷ್ಮ, ಸ್ಥೂಲ ತನುಗಳಿಗೆ ಅಂಟಿದ ಈ ಮಲತ್ರಯವನ್ನು ಕಳೆಯುತ್ತಾನೆ. ಇವುಗಳಲ್ಲಿ ತಂದೆಯಿಂದ ಮಗನಿಗೆ ಇಳಿದು ಬರುವ ಮಲವೊಂದೂ ಇಲ್ಲವೆಂಬುದನ್ನು ಗಮನಿಸಬೇಕು. ದೀಕ್ಷಿತನಾದ ಭಕ್ತನ ಪೂರ್ವಾಶ್ರಯವನ್ನು ಕೆದಕಲಾಗದೆಂಬ ಕಟ್ಟಳೆ ಹುಟ್ಟಿದುದೂ ಇದರಿಂದಲೇ. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಪಂಚಸೂತಕಗಳನ್ನು ಶರಣರು ಅಲ್ಲಗಳೆದರು. ಇವುಗಳಲ್ಲಿ ಜಾತಿಸೂತಕವಂತೂ ಹುಟ್ಟನ್ನೇ ಅಪರಾಧವೆಂದು ಕೂಸಿನ ತಲೆಗೆ ಕಟ್ಟುವಂಥದು. ಮಾದಾರ ಚೆನ್ನಯ್ಯನನ್ನೂ ಡೋಹರ ಕಕ್ಕಯ್ಯನನ್ನೂ ಬಸವಣ್ಣನವರು ತಮ್ಮ ಬಂಧುಗಳೆಂದು ಸಾರಿದಾಗ ಆ ಗಂಟು ಬಿಚ್ಚಿತು.

ಇಷ್ಟಕ್ಕೆ ವಿಷಯ ಮುಗಿಯಲಿಲ್ಲ. ಪಾಪವು ಇಳಿದು ಬರದಿದ್ದರೂ ಪಾಪದ ಗಳಿಕೆ ಇಳಿದು ಬರುತ್ತದೆ. ಇದಕ್ಕೆ ಪುರಾಣದ ದೃಷ್ಟಾಂತ ಬೇಕಿಲ್ಲ; ಬೆಂಗಳೂರಿನ ಅಂಚಿನ ಜಿಗಣಿ ಸೇರಿರುವ ಆನೇಕಲ್ ತಾಲ್ಲೂಕಿನ ಜೀತದ ಕಥೆಯೇ ಸಾಕು. ಇಂದು ಕಾರ್ಖಾನೆಗಳ ಊರಾಗಿರುವ ಜಿಗಣಿ ಕೆಲವು ದಶಕಗಳ ಹಿಂದೆ ರಾಗಿ ಹೊಲಗಳ ಸೀಮೆ. ಮದುವೆಗೋ ಕಾಯಿಲೆಗೋ ಜಮೀನುದಾರನಲ್ಲಿ ಸಾಲ ತಂದವನು ಜೀತಕ್ಕೆ ನಿಲ್ಲುತ್ತಿದ್ದನು; ಅವನ ಮೈ ಸೋತಾಗ ಮಗನು ಅದೇ ಕೊಟ್ಟಿಗೆಯ ದನ ಕಾಯಲು ಬರುತ್ತಿದ್ದನು. ಹೀಗೆ ನಿಂತವರಲ್ಲಿ ದಲಿತರೇ ಹೆಚ್ಚು. ‘ಜೀವಿಕ’ ಎಂದು ಹೆಸರಾದ ಜೀತ ವಿಮುಕ್ತಿ ಕರ್ನಾಟಕ ಸಂಘಟನೆಯ ಕೆಲಸ ಮೊದಲು ಬೇರೂರಿದ್ದು ಈ ತಾಲ್ಲೂಕಿನಲ್ಲಿಯೇ. ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನು (1933) ಓದಿದ ವಿದ್ಯಾರ್ಥಿಗಳಿಗೆ ಈ ಚಿತ್ರ ಹೊಸದಲ್ಲ. ಅಲ್ಲಿ ತಂದೆಯ ಸಾಲ ತೀರಿಸಲೆಂದು ಇಬ್ಬರು ಮಕ್ಕಳು ಕಾಫಿ ತೋಟಕ್ಕೆ ನಡೆಯುತ್ತಾರೆ.

ಈ ಕಥೆಯಲ್ಲಿ ಪಾಪ ಯಾರದು? ಸಾಲ ತಂದ ಬಡವನದಲ್ಲ. ಅವನ ಮಗನದಂತೂ ಅಲ್ಲವೇ ಅಲ್ಲ. ಕೊಟ್ಟವನ ಮಗನು ‘ಸಾಲ ಕೊಟ್ಟವನು ನಾನಲ್ಲ’ ಎನ್ನಬಹುದು. ಮಾತು ನಿಜ. ಆದರೆ ಲೆಕ್ಕದ ಪುಸ್ತಕ ತಂದೆಯಿಂದ ಅವನ ಕೈಗೆ ಬಂದಿದೆ. ದಿನ ಬೆಳಗಾದರೆ ಆ ಹುಡುಗನನ್ನು ಕೊಟ್ಟಿಗೆಗೆ ಕೂಗಿ ಕರೆಯುವವನು ಅವನೇ. ಹಾಗೆ ಕೂಗಿದ ಗಳಿಗೆಯಲ್ಲಿ ತಂದೆಯ ಪಾಪ ಅವನ ಸ್ವಂತ ಪಾಪವಾಗುತ್ತದೆ. ಆಯ್ದಕ್ಕಿ ಲಕ್ಕಮ್ಮನ ಚರಿತ್ರೆಯನ್ನು ಕೇವಲ ನಿರಾಶೆಯ ಕಥೆಯೆಂದು ಹೊಗಳುವವರು ಇಲ್ಲಿ ತಡೆದು ನೋಡಬೇಕು. ಗಂಡ ಮಾರಯ್ಯನು ಎಂದಿಗಿಂತ ಹೆಚ್ಚಾಗಿ ತಂದ ಅಕ್ಕಿಯನ್ನು ಆಕೆ ಒಲೆಗೇರಿಸಲಿಲ್ಲ, ನಾಳೆಗೆಂದು ತುಂಬಿಡಲೂ ಇಲ್ಲ; ತಂದಲ್ಲಿಗೇ ಸುರಿದು ಬರುವಂತೆ ಹಿಂದಕ್ಕೆ ಕಳುಹಿದಳು. ಕೈಗೆ ಬಂದ ಸಲ್ಲದ ಗಳಿಕೆಯನ್ನು ಏನು ಮಾಡಬೇಕೆಂಬುದಕ್ಕೆ ಇದಕ್ಕಿಂತ ನೇರವಾದ ಉತ್ತರ ದೊರೆಯದು.

ಇನ್ನು ಕಾರುಣ್ಯದ ಮಾತು. ಶಿವಕಾರುಣ್ಯವೆಂದರೆ ನಡೆದುದನ್ನು ಮರೆತುಬಿಡುವುದೆಂದು ತಿಳಿದವರುಂಟು. ದೀಕ್ಷೆಯ ಅರ್ಥ ಅದಲ್ಲ. ಅಲ್ಲಿ ಮಲವನ್ನು ಹೆಸರಿಡಿದು ಕರೆದು ಕಳೆಯಲಾಗುತ್ತದೆ. ಲೌಕಿಕದ ಶಾಸನವನ್ನು ದೀಕ್ಷೆಗೆ ಹೋಲಿಸುವುದು ಅತಿಯಾದೀತು. ಆದರೂ 1975ರ ಅಕ್ಟೋಬರ್ 25ರಿಂದ ಜಾರಿಗೆ ಬಂದಂತೆ ಸಂಸತ್ತು 1976ರಲ್ಲಿ ಅಂಗೀಕರಿಸಿದ ಜೀತ ಪದ್ಧತಿ ನಿರ್ಮೂಲನ ಕಾಯಿದೆಯನ್ನು ಓದಿದರೆ ಹೋಲಿಕೆ ತಾನಾಗಿ ಹೊಳೆಯುತ್ತದೆ. ಹಿರಿಯರಿಂದ ಉತ್ತರಾಧಿಕಾರವಾಗಿ ಬಂದ ಹೊಣೆಯನ್ನೂ, ಇಂಥ ಜಾತಿಯಲ್ಲಿ ಹುಟ್ಟಿದ ಕಾರಣಕ್ಕೇ ಹೊರಿಸಿದ ದುಡಿಮೆಯನ್ನೂ ಅದು ಬಿಡಿಸಿ ಹೆಸರಿಸಿ ರದ್ದುಪಡಿಸುತ್ತದೆ. ಜೀತದ ಸಾಲವೆಲ್ಲ ಅಳಿಯಿತೆನ್ನುತ್ತದೆ. ಅದಕ್ಕಾಗಿ ಒತ್ತೆಯಿಟ್ಟ ಆಸ್ತಿ ಮರಳಬೇಕು, ಬಿಡುಗಡೆಯಾದವನನ್ನು ವಾಸದ ಮನೆಯಿಂದ ಎಬ್ಬಿಸಬಾರದು. ಅಷ್ಟೇ ಅಲ್ಲ, ಬಿಡುಗಡೆಯಾದವನು ಮರ್ಯಾದೆಗೆ ಅಂಜಿ ತಂದೆಯ ಸಾಲವನ್ನು ತಾನಾಗಿಯೇ ತೀರಿಸಲು ಬಂದರೂ ಧಣಿಯು ಆ ಹಣವನ್ನು ಮುಟ್ಟುವಂತಿಲ್ಲ. ಮುಟ್ಟಿದರೆ 3 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು.